ಸೈಕಲ್ಲಿನ ಹಿಂದೆ ಕಟ್ಟಿದ ಗೆಲ್ಲು

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ನಾನು ಸಿಡುಬಿನ ದಾಕು ಹಾಕುತ್ತಿದ್ದವನು ಎಂದು ಯಾರೋ ಹೇಳಿರುತ್ತಾರೆ. ಬಂದವರು ಕೇಳುವುದು ಎರಡೇ ಪ್ರಶ್ನೆ: ಸೂಜಿ ಹೇಗಿತ್ತು, ಜನ ಹೆದರುತ್ತಿದ್ದರೇ. ಸೈಕಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೆಲಸದಲ್ಲಿ ಸೂಜಿ ಕೈಯಲ್ಲಿ ಇದ್ದದ್ದು ಸ್ವಲ್ಪ ಹೊತ್ತು, ಸೈಕಲ್ ಕಾಲಡಿಯಲ್ಲಿ ಇದ್ದದ್ದು ಇಡೀ ದಿನ. ಆದ್ದರಿಂದ ನಾನು ಬರೆಯುವುದು ಹೆಚ್ಚಾಗಿ ಸೈಕಲ್ಲಿನ ವಿಷಯ. ಈಗ ನಿಮಗೆ ಜೀಪು ಉಂಟು, ಐಸಿನ ಪೆಟ್ಟಿಗೆ ಉಂಟು, ಇದೆಲ್ಲ ಎಂತಕ್ಕೆ ಎಂದು ಅನಿಸಿದರೆ ಇಲ್ಲಿಗೇ ನಿಲ್ಲಿಸಬಹುದು.

ಆಗ ನಮ್ಮದು ಮದ್ರಾಸ್ ಸರ್ಕಾರ. ನನ್ನ ಪಾಲಿಗೆ ಬಂದದ್ದು ಉಪ್ಪಳದಿಂದ ಒಳಗೆ, ಪೈವಳಿಕೆ ದಾಟಿ ಗುಡ್ಡೆಗಳ ಆಚೆಯವರೆಗಿನ ಊರುಗಳು. ಸೈಕಲ್ ನಾವೇ ಕೊಳ್ಳಬೇಕು, ಇಲಾಖೆ ಅದಕ್ಕೆ ಸ್ವಲ್ಪ ಭತ್ಯೆ ಕೊಡುತ್ತಿತ್ತು. ನಾನು ಕೊಂಡದ್ದು ಮಂಗಳೂರಿನ ಒಬ್ಬ ಪಾದ್ರಿಗಳು ಉಪಯೋಗಿಸಿ ಬಿಟ್ಟ ಸೈಕಲ್. ಪಾದ್ರಿಗಳು ಎತ್ತರದ ಮನುಷ್ಯರಿರಬೇಕು. ಸೀಟನ್ನು ಎಷ್ಟು ಇಳಿಸಿದರೂ ನನ್ನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಹಾಗಾಗಿ ನಾನು ನಿಲ್ಲಬೇಕಾದರೆ ಮೊದಲೇ ಒಂದು ಮೈಲುಕಲ್ಲನ್ನೋ ಕಟ್ಟೆಯನ್ನೋ ನೋಡಿಟ್ಟುಕೊಳ್ಳಬೇಕಿತ್ತು. ಏನೂ ಸಿಗದಿದ್ದರೆ ಹಾರಿ ಇಳಿಯುವುದು.

ಕರಾವಳಿಯ ದೊಡ್ಡ ರಸ್ತೆಯಲ್ಲಿ ನನಗೆ ಸೈಕಲ್ ಬಿಡಲು ಕಲಿಸಿದವರು ಮೀನಿನವರು. ಅವರು ಸೈಕಲ್ಲಿನವರಲ್ಲ, ಹೆಗಲ ಮೇಲೆ ಕಾವಡಿ ಹೊತ್ತು ಓಡುವವರು. ಮೀನು ಕೊಳೆಯುವ ಮೊದಲು ಒಳನಾಡು ಸೇರಬೇಕು, ಆದ್ದರಿಂದ ಅವರು ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಎದುರಿನಿಂದ ಅಡಿಕೆ ಮೂಟೆಯ ಎತ್ತಿನ ಗಾಡಿಗಳು, ಹಿಂದಿನಿಂದ ಬಸ್ಸು, ನಡುವೆ ಇವರ ಓಟ. ಮೊದಲ ವಾರ ನಾನು ಗಂಟೆ ಬಾರಿಸಿ ಬಾರಿಸಿ ಬೆರಳು ನೋಯಿಸಿಕೊಂಡೆ. ಒಬ್ಬ ಮೀನಿನವ ಓಡುತ್ತಲೇ ಹೇಳಿದ:

"ನಿಮ್ಮ ಗಂಟೆ ಯಾರಿಗೆ ಬೇಕು ಮಾರಾಯ್ರೆ? ನಮ್ಮ ಹಿಂದೆ ಬನ್ನಿ. ಮೀನಿನ ನೀರು ಮೈಗೆ ಬೀಳ್ತದೆ ಅಂತ ಎಲ್ರೂ ಅವರಾಗಿಯೇ ಸರೀತಾರೆ."

ಅಂದಿನಿಂದ ಉಪ್ಪಳ ಪೇಟೆ ದಾಟುವವರೆಗೆ ನಾನು ಮೀನಿನ ಕಾವಡಿಯ ಹಿಂದೆಯೇ ಹೋಗುತ್ತಿದ್ದೆ. ಸರ್ಕಾರದ ಮನುಷ್ಯ ಬೂತಾಯಿ ಮೀನಿನ ವಾಸನೆ ಹೊತ್ತು ಊರಿಗೆ ಬರುತ್ತಾನೆ ಎಂದು ಕೆಲವು ದೊಡ್ಡ ಮನೆಗಳಲ್ಲಿ ಮೂಗು ಮುಚ್ಚಿಕೊಂಡದ್ದೂ ಉಂಟು. ಆದರೆ ದೊಡ್ಡ ರಸ್ತೆಯಲ್ಲಿ ನಾನು ಒಮ್ಮೆಯೂ ಬೀಳಲಿಲ್ಲ.

ಬಿದ್ದದ್ದೆಲ್ಲ ಗುಡ್ಡೆಗಳಲ್ಲಿ. ಹತ್ತುವುದು ಒಂದು ಕಷ್ಟ, ಇಳಿಯುವುದು ಇನ್ನೊಂದು. ಮೊದಲು ಹತ್ತುವ ಕಥೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗಿ ಪೆಟ್ರೋಲು ಸಿಗದಾದಾಗ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿದರು. ಬಸ್ಸಿನ ಹಿಂಬದಿಗೆ ಒಂದು ಉದ್ದನೆಯ ಹಂಡೆ, ಅದರಲ್ಲಿ ಇದ್ದಿಲು ಉರಿಸಿ ಬರುವ ಗ್ಯಾಸಿನಲ್ಲಿ ಬಸ್ಸು ಓಡಬೇಕು. ಸಮತಟ್ಟಿನಲ್ಲಿ ಹೇಗೋ ಓಡುತ್ತಿತ್ತು. ಏರು ಬಂತೆಂದರೆ ಗಂಡಸರೆಲ್ಲ ಇಳಿದು ನಡೆಯುವುದು, ಇನ್ನೂ ಕಡಿದಾದರೆ ದೂಡುವುದು. ನನಗೆ ಮಾತ್ರ ಅದರಿಂದ ಅನುಕೂಲವೇ ಆಯಿತು. ಬಸ್ಸಿನ ಮಾಡಿಗೆ ಹತ್ತುವ ಕಬ್ಬಿಣದ ಏಣಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಕೂತರೆ ಸೈಕಲ್ ತಾನಾಗಿ ಗುಡ್ಡೆ ಹತ್ತುತ್ತಿತ್ತು. ಡ್ರೈವರ್ ಮೊಯ್ದಿನಬ್ಬ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ.

"ಟಿಕೇಟು ತೆಗೀಬೇಕು ಆಯ್ತಾ," ಎಂದು ಕೂಗುತ್ತಿದ್ದ.

"ನಾನು ಬಸ್ಸಿನೊಳಗೆ ಇಲ್ಲ ಬ್ಯಾರಿಗಳೇ."

"ಹಾಗಾದ್ರೆ ಬಿದ್ರೆ ನನ್ನ ಹೆಸರು ಹೇಳ್ಬೇಡಿ."

ಬೀಳುವುದು ಸುಲಭವಿತ್ತು. ಏಣಿಗೆ ಒತ್ತಿಕೊಂಡೇ ಒಲೆ. ಹೊಂಡಕ್ಕೆ ಚಕ್ರ ಇಳಿದಾಗ ಕೆಂಡದ ಚೂರುಗಳು ಹಾರಿ ನನ್ನ ಅಂಗಿಯ ಮೇಲೆ ಬೀಳುತ್ತಿದ್ದವು. ಕೈ ಬಿಟ್ಟರೆ ಸೈಕಲ್ ಹಿಂದಕ್ಕೆ, ಬಿಡದಿದ್ದರೆ ಅಂಗಿಗೆ ತೂತು. ನಾನು ಅಂಗಿಯನ್ನೇ ಬಿಟ್ಟುಕೊಟ್ಟೆ. ನನ್ನ ಎಲ್ಲ ಅಂಗಿಗಳ ಎಡತೋಳೂ ಒಂದೇ ರೀತಿ ಸುಟ್ಟಿದ್ದನ್ನು ನೋಡಿ ನನ್ನ ಹೆಂಡತಿ ಇದು ಸರ್ಕಾರದ ಯಾವುದಾದರೂ ಗುರುತೋ ಎಂದು ಕೇಳಿದ್ದಳು.

ಆದರೆ ತೊಂದರೆಯಾದದ್ದು ಅಂಗಿಗಲ್ಲ. ದಾಕಿನ ಮದ್ದು, ಲಿಂಫ್ ಎನ್ನುತ್ತಿದ್ದೆವು, ಮದ್ರಾಸಿನಿಂದ ಸಣ್ಣ ಗಾಜಿನ ಕೊಳವೆಗಳಲ್ಲಿ ಬರುತ್ತಿತ್ತು. ಬಿಸಿ ತಾಗಿದರೆ ಅದರ ಶಕ್ತಿ ಹೋಗುತ್ತದೆ ಎಂದು ತರಬೇತಿಯ ಮೊದಲ ದಿನವೇ ನಮಗೆ ಹೇಳಿದ್ದರು. ಬಿಸಿ ಎಂದರೆ ಬಿಸಿಲು ಎಂದು ನಾನು ತಿಳಿದದ್ದು. ಬಿಸಿಲು ತಾಗದ ಹಾಗೆ ಕೊಳವೆಗಳನ್ನು ತಗಡಿನ ಡಬ್ಬಿಯಲ್ಲಿಟ್ಟು ಕ್ಯಾರಿಯರಿನ ಎಡಬದಿಗೆ ಕಟ್ಟುತ್ತಿದ್ದೆ. ಏಣಿ ಹಿಡಿದು ಹತ್ತುವಾಗ ಇದ್ದಿಲಿನ ಒಲೆ ಇರುತ್ತಿದ್ದದ್ದು ಅದೇ ಎಡಬದಿಗೆ. ಹೀಗೆ ಒಂದಿಡೀ ಊರಿಗೆ ನಾನು ಬೆಂದ ಲಿಂಫ್ ಹಾಕಿ ಬಂದೆ. ದಾಕು ಹಿಡಿದರೆ ಗುಳ್ಳೆ ಏಳಬೇಕು. ವಾರ ಕಳೆದು ನೋಡಲು ಹೋದರೆ ಒಂದೇ ಒಂದು ತೋಳಿನಲ್ಲಿ ಗುಳ್ಳೆ ಎದ್ದಿರಲಿಲ್ಲ. ಊರಿನವರಿಗೆ ಬಹಳ ಸಂತೋಷವಾಗಿತ್ತು. ಜ್ವರವಿಲ್ಲ, ನೋವಿಲ್ಲ, ಇಷ್ಟು ಒಳ್ಳೆಯ ದಾಕು ಹಾಕುವವರು ಹಿಂದೆ ಬಂದದ್ದೇ ಇಲ್ಲ ಎಂದು ಎಳನೀರು ಕೊಟ್ಟರು. ಎಲ್ಲರಿಗೂ ಇನ್ನೊಮ್ಮೆ ಹಾಕಬೇಕು ಎಂದಾಗ ಎಳನೀರು ಕೊಟ್ಟವರೇ ನಾಯಿ ಬಿಟ್ಟರು.

ನಮ್ಮ ಇನ್‌ಸ್ಪೆಕ್ಟರು ನನ್ನನ್ನು ಚೆನ್ನಾಗಿ ಬೈದರು. ಅವರು ಕೆಟ್ಟವರಲ್ಲ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ತಲೆಯ ಮೇಲೆ ಟೊಪ್ಪಿ, ಎಲ್ಲವೂ ಶಿಸ್ತಿನಲ್ಲಿ ನಡೆಯಬೇಕೆಂಬ ಹಟ. ಆಮೇಲೆ ನಾನು ಬೇರೆ ದಾರಿ ಕಂಡುಕೊಂಡೆ. ಮೊಳದುದ್ದದ ಬಾಳೆದಿಂಡನ್ನು ಸೀಳಿ, ಒಳಗೆ ಕೊಳವೆಗಳನ್ನು ಸಾಲಾಗಿ ಮಲಗಿಸಿ, ಮತ್ತೆ ಮುಚ್ಚಿ ಬಾಳೆಯ ನಾರಿನಿಂದ ಬಿಗಿದು, ಒದ್ದೆ ಗೋಣಿ ಸುತ್ತಿ ಹ್ಯಾಂಡಲಿಗೆ ಕಟ್ಟುವುದು. ಬಾಳೆದಿಂಡಿನ ತಂಪು ಸಂಜೆಯವರೆಗೂ ಇರುತ್ತದೆ. ಸರ್ಕಾರಿ ಮದ್ದನ್ನು ತರಕಾರಿಯಲ್ಲಿ ಇಡುವುದೇ ಎಂದು ಇನ್‌ಸ್ಪೆಕ್ಟರು ಮುಖ ಗಂಟಿಕ್ಕಿದರು. ಆದರೆ ಗುಳ್ಳೆಗಳು ಎದ್ದವು, ಅವರು ಸುಮ್ಮನಾದರು.

ಇನ್ನು ಇಳಿಯುವ ವಿಷಯ.

ಪೈವಳಿಕೆಯಿಂದ ಒಳಗೆ ನಾವು ಕೆಂಪುಗುಡ್ಡೆ ಎಂದು ಕರೆಯುತ್ತಿದ್ದ ಒಂದು ಕೆಂಪು ಮುರಕಲ್ಲಿನ ಗುಡ್ಡೆ. ನೆತ್ತಿಯಲ್ಲಿ ಸ್ವಲ್ಪ ಕಾಡು. ಅಲ್ಲಿಂದ ಕೆಳಗೆ ಇಡೀ ಇಳಿಜಾರು ಬೋಳು. ರಸ್ತೆ ಹಾವಿನ ಹಾಗೆ ತಿರುಗಿ ತಿರುಗಿ ನಡುಬೈಲು ಎಂಬ ಊರಿಗೆ ಇಳಿಯುತ್ತದೆ. ಗದ್ದೆಗಳು, ಗೇಣಿಯವರ ಕೆಲವು ಮನೆಗಳು, ಆಚೆ ಹೊಳೆ. ಅಷ್ಟೇ ಊರು. ಯುದ್ಧಕಾಲದಲ್ಲಿ ಸೈಕಲ್ಲಿನ ಬ್ರೇಕಿಗೆ ರಬ್ಬರ್ ಸಿಗುತ್ತಿರಲಿಲ್ಲ. ಹಳೆ ಟಯರಿನ ತುಂಡು ಕೊಯ್ದು ತುರುಕುತ್ತಿದ್ದೆವು. ಅಂಥ ಬ್ರೇಕಿನಲ್ಲಿ ಕೆಂಪುಗುಡ್ಡೆ ಇಳಿಯುವುದೆಂದರೆ ಮೇಲೆ ಸೈಕಲ್ ಹತ್ತಿದವ ಕೆಳಗೆ ಎಲ್ಲಿ ಸಿಗುತ್ತಾನೆ ಎಂದು ಹೇಳಲಿಕ್ಕಾಗದು.

ಗಾಡಿಯವರಿಂದ ನಾನು ಕಲಿತ ಉಪಾಯ ಗೆಲ್ಲು, ಎಂದರೆ ಮರದ ಕೊಂಬೆ, ಕಟ್ಟುವುದು. ನೆತ್ತಿಯ ಕಾಡಿನಲ್ಲಿ ಒಂದು ಸೊಪ್ಪಿರುವ ದೊಡ್ಡ ಗೆಲ್ಲು ಕಡಿದು, ಬುಡವನ್ನು ಹಗ್ಗದಿಂದ ಸೀಟಿನ ಕೆಳಗೆ ಬಿಗಿದು, ಸೊಪ್ಪಿನ ಕಡೆಯನ್ನು ಹಿಂದೆ ನೆಲಕ್ಕೆ ಬಿಡುವುದು. ಅದು ನೆಲವನ್ನು ಗೀರಿಕೊಂಡು ಬರುವಾಗ ಸೈಕಲ್ ಓಡಿಹೋಗುವುದಿಲ್ಲ. ಇದಕ್ಕಾಗಿ ನನ್ನ ಸೈಕಲ್ಲಿನ ಅಡ್ಡಪಟ್ಟಿಗೆ ಯಾವಾಗಲೂ ಒಂದು ಕತ್ತಿ ಕಟ್ಟಿರುತ್ತಿತ್ತು. ಇಳಿಯುವಾಗ ಬರಬರ ಎಂಬ ಸದ್ದು, ಹಿಂದೆ ಕೆಂಪು ಧೂಳು. ಬುಡದಲ್ಲಿ ಗೆಲ್ಲನ್ನು ಬಿಚ್ಚಿ ಬಿಸಾಡಿ ಮುಂದೆ ಹೋಗುವುದು.

ಆದರೆ ನಡುಬೈಲಿನಲ್ಲಿ ಅದನ್ನು ಬಿಸಾಡಲು ನನ್ನನ್ನು ಬಿಡುತ್ತಿರಲಿಲ್ಲ. ಗುಡ್ಡೆಯ ಬುಡದ ಮೊದಲ ಮನೆ ಸೇಸಕ್ಕನದು. ಗಂಡ ತೀರಿಹೋಗಿ, ಮಗಳೂ ಹೆರಿಗೆಯಲ್ಲಿ ಹೋಗಿ, ಮೊಮ್ಮಗಳು ಲೀಲಳನ್ನು ಸಾಕಿಕೊಂಡಿದ್ದ ಗಟ್ಟಿ ಹೆಂಗಸು. ಒಂದು ಎಮ್ಮೆ, ತುಂಡು ಗದ್ದೆ. ಹಟ್ಟಿಗೆ ಹಾಸಲು, ಗೊಬ್ಬರ ಮಾಡಲು ಸೊಪ್ಪು ಬೇಕು. ಗುಡ್ಡೆ ಜಮೀನಿನ ಧನಿಗಳದ್ದು, ಅಪ್ಪಣೆಯಿಲ್ಲದೆ ಅವಳು ಒಂದು ಎಲೆ ಮುಟ್ಟುವ ಹಾಗಿಲ್ಲ. ಸೈಕಲ್ಲಿನ ಹಿಂದೆ ತಾನಾಗಿ ಇಳಿದು ಬಂದ ಸೊಪ್ಪಿಗೆ ಯಾರ ಅಪ್ಪಣೆಯೂ ಬೇಡ ಎಂದು ಅವಳ ವಾದ. ನಾನು ಬುಡ ಮುಟ್ಟುವ ಹೊತ್ತಿಗೆ ಅವಳು ಕೈ ಚಾಚಿ ನಿಂತಿರುತ್ತಿದ್ದಳು. ಧರ್ಮಕ್ಕೆ ಸಿಗುವ ಸೊಪ್ಪಾದರೂ ಅವಳಿಗೆ ಸುಲಭದಲ್ಲಿ ಹಿಡಿಸುತ್ತಿರಲಿಲ್ಲ.

"ಪುನಃ ಗೇರಿನ ಗೆಲ್ಲಾ? ಇದು ಯಾವ ಕಾಲಕ್ಕೆ ಕೊಳೆಯುವುದು ದಾಕಿನವರೇ? ಮೇಲೆ ಬೇಗ ಕೊಳೆಯುವ ಮರುವದ ಮರ ಉಂಟಲ್ಲ, ಕಾಸರಕ ಉಂಟಲ್ಲ, ನಿಮ್ಮ ಕಣ್ಣಿಗೆ ಬೀಳುವುದು ಗೇರು ಮಾತ್ರವಾ?"

"ಗೇರು ಗಟ್ಟಿ ಹಿಡೀತದೆ ಸೇಸಕ್ಕ. ನನ್ನ ಜೀವ ಉಳೀಬೇಕಲ್ಲ."

"ನಿಮ್ಮ ಜೀವಕ್ಕೆ ಗೇರು, ನನ್ನ ಗದ್ದೆಗೆ ಮರುವ. ಎರಡು ಗೆಲ್ಲು ಕಟ್ಟಿ, ಮುಗೀತಲ್ಲ."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಇಷ್ಟು ಸ್ನೇಹವಿದ್ದರೂ ನಡುಬೈಲಿನಲ್ಲಿ ನನಗೆ ದಾಕು ಹಾಕಲು ಒಂದು ಮಗುವೂ ಸಿಗುತ್ತಿರಲಿಲ್ಲ. ಒಲೆ ಉರಿಯುತ್ತಿರುತ್ತಿತ್ತು, ಗಂಜಿ ಕುದಿಯುತ್ತಿರುತ್ತಿತ್ತು, ಅಂಗಳದಲ್ಲಿ ಮಕ್ಕಳು ಎಳೆದಾಡಿದ ಅಡಿಕೆ ಹಾಳೆ ಬಿದ್ದಿರುತ್ತಿತ್ತು. ಮಕ್ಕಳು ಮಾತ್ರ ಇಲ್ಲ. ಎಲ್ಲಿ ಎಂದರೆ ಅಜ್ಜಿಮನೆಗೆ ಎಂದು ಉತ್ತರ. ದಾಕು ಹಾಕಿದರೆ ಜ್ವರ ಬರುತ್ತದೆ, ಮಾರಿಗೆ ಸಿಟ್ಟು ಬರುತ್ತದೆ ಎಂಬ ಹೆದರಿಕೆ ಎಲ್ಲ ಕಡೆ ಇತ್ತು. ಆದರೆ ಇಷ್ಟು ಚೊಕ್ಕವಾಗಿ ತಪ್ಪಿಸಿಕೊಳ್ಳುವ ಊರು ಬೇರೆ ಇರಲಿಲ್ಲ. ನಾನು ಬರುವ ದಿನ ಇವರಿಗೆ ಯಾರು ಹೇಳುತ್ತಾರೆ ಎಂದು ನನಗೆ ಬಹಳ ಕಾಲ ತಿಳಿಯಲಿಲ್ಲ.

ಒಮ್ಮೆ ಮಳೆಗಾಲ ಶುರುವಾಗುವ ಹೊತ್ತಿಗೆ ಹೋದೆ. ಗುಡ್ಡೆ ತುಂಬ ಮಂಜು. ನೆಲ ಜಾರುವಾಗ ಗೆಲ್ಲು ಹಿಡಿಯುವುದಿಲ್ಲ, ಆದ್ದರಿಂದ ಸೈಕಲ್ ದೂಡಿಕೊಂಡು ನಡೆದೇ ಇಳಿದೆ. ಕೆಳಗೆ ಬಂದು ನೋಡುತ್ತೇನೆ, ಅಂಗಳದ ತುಂಬ ಮಕ್ಕಳು! ನನ್ನನ್ನು ಕಂಡದ್ದೇ ಕೋಳಿಮರಿಗಳ ಹಾಗೆ ನಾಲ್ಕು ದಿಕ್ಕಿಗೆ ಓಡಿದವು. ಸೇಸಕ್ಕ ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ಗದರಿಸಿದಳು:

"ಇದೆಂತ, ಗೆಲ್ಲು ಇಲ್ಲದೆ ಬರುವುದಾ? ನೀವು ಬಂದದ್ದು ನಮಗೆ ಗೊತ್ತಾಗುವುದು ಹೇಗೆ?"

ಆಗ ಗೊತ್ತಾಯಿತು. ನಾನು ಇಳಿಯುವ ಸದ್ದು, ಏಳುವ ಧೂಳು, ಎರಡೂ ಊರಿಗೆ ಡಂಗುರ. ನನ್ನ ಬ್ರೇಕೇ ನನ್ನ ಕೆಲಸ ಕೆಡಿಸುತ್ತಿತ್ತು. ನನಗೆ ನಗು ಬಂತು. ಆ ನಗುವಿನಲ್ಲೇ ಇದನ್ನು ಇನ್‌ಸ್ಪೆಕ್ಟರಿಗೂ ಹೇಳಿದೆ. ಅವರು ನಗಲಿಲ್ಲ.

"ಇನ್ನು ಮುಂದೆ ಗೆಲ್ಲು ಕಟ್ಟಬೇಡಿ," ಎಂದರು. "ಗಂಟೆಯನ್ನೂ ತೆಗೆದುಬಿಡಿ. ಸದ್ದಿಲ್ಲದೆ ಹೋಗಿ ಹಿಡಿಯಿರಿ. ಅಲ್ಲದೆ ಸರ್ಕಾರಿ ನೌಕರ ಸೊಪ್ಪು ಎಳೆದುಕೊಂಡು ಹೋಗುವುದು ನೋಡಲಿಕ್ಕೂ ಚಂದವಲ್ಲ."

"ಗುಡ್ಡೆ ಕಡಿದು ಸಾರ್," ಎಂದೆ.

"ನಿಧಾನಕ್ಕೆ ಇಳಿಯಿರಿ," ಎಂದರು. ಅವರು ಆ ಗುಡ್ಡೆಯನ್ನು ನೋಡಿದ್ದು ನಕ್ಷೆಯಲ್ಲಿ. ನಕ್ಷೆಯಲ್ಲಿ ಗುಡ್ಡೆಗಳು ಕಡಿದಾಗಿರುವುದಿಲ್ಲ.

ಆ ಮಾತನ್ನು ನಾನು ಮರೆತುಬಿಡಬಹುದಿತ್ತು. ಆದರೆ ಮರುವರ್ಷ ಬೇಸಿಗೆಯಲ್ಲಿ ಹೊಳೆಯ ಆಚೆ ಸಿಡುಬು ಬಂತು. ಒಂದು ಮನೆಯಲ್ಲಿ ಶುರುವಾಗಿ ಪಕ್ಕದ ಮನೆಗೆ, ಅಲ್ಲಿಂದ ಆಚೆಗೆ. ಆ ಕಡೆಯ ದಾರಿಗೆ ಮುಳ್ಳು ಕಡಿದು ಹಾಕಿದ್ದರು. ಬೇಸಿಗೆಯ ಹೊಳೆಯೆಂದರೆ ಮೊಣಕಾಲ ನೀರು, ಮಾರಿಗೆ ಅದು ಯಾವ ಲೆಕ್ಕ? ನಡುಬೈಲಿನ ಮಕ್ಕಳಲ್ಲಿ ಒಬ್ಬರಿಗೂ ದಾಕು ಆಗಿರಲಿಲ್ಲ, ದೊಡ್ಡವರಲ್ಲೂ ಹೆಚ್ಚಿನವರಿಗೆ ಇಲ್ಲ. ನನ್ನ ಮುಂದೆ ಇದ್ದದ್ದು ಒಂದೇ ದಾರಿ, ಕೆಂಪುಗುಡ್ಡೆ. ಮಂಜಿಲ್ಲದ ಕಾಲದಲ್ಲಿ ನಡೆದು ಇಳಿದರೆ ಬೋಳು ಗುಡ್ಡೆಯಲ್ಲಿ ಮೊದಲ ತಿರುವಿನಲ್ಲೇ ಕಾಣುತ್ತೇನೆ. ಗೆಲ್ಲು ಕಟ್ಟಿದರೆ ಸದ್ದು ಕೇಳಿಸುತ್ತದೆ. ಉಳಿದದ್ದು ಇನ್‌ಸ್ಪೆಕ್ಟರು ಹೇಳಿದ ದಾರಿ. ಸದ್ದಿಲ್ಲದೆ, ಊರಿನವರು ಕಂಡು ಓಡುವ ಮೊದಲು ಬುಡ ಮುಟ್ಟುವುದು. ನಿಧಾನಕ್ಕೆ ಮಾತ್ರ ಅಲ್ಲ.

ನೆತ್ತಿಯಲ್ಲಿ ಗಂಟೆ ಬಿಚ್ಚಿ ಕಿಸೆಗೆ ಹಾಕಿದೆ. ಗೋಣಿಗೆ ನೀರು ಚಿಮುಕಿಸಿ ಬಾಳೆದಿಂಡನ್ನು ಇನ್ನೊಮ್ಮೆ ಬಿಗಿದೆ. ಎರಡೂ ಬ್ರೇಕ್ ಹಿಚುಕಿ ನೋಡಿದೆ. ನನಗೆ ಹೆದರಿಕೆಯಾಗಿತ್ತು. ಧೈರ್ಯಶಾಲಿ ಎಂದು ನನ್ನನ್ನು ಯಾರಾದರೂ ಹೊಗಳಿದರೆ ನಂಬಬೇಡಿ.

ಮೊದಲ ತಿರುವನ್ನು ಬ್ರೇಕ್ ಹಿಡಿದೇ ದಾಟಿದೆ. ಎರಡನೆಯದರಲ್ಲಿ ಸುಟ್ಟ ಟಯರಿನ ವಾಸನೆ ಬಂತು. ಅದರ ಆಚೆಯ ನೇರದಲ್ಲಿ ಮುಂದಿನ ಬ್ರೇಕಿನ ತುಂಡು ಕಿತ್ತು ಹಾರಿದ್ದು ಕಣ್ಣಿಗೇ ಕಂಡಿತು. ಆಮೇಲೆ ಸೈಕಲ್ ನನ್ನದಾಗಿರಲಿಲ್ಲ. ಪಾದ್ರಿಗಳ ಸೈಕಲ್, ಕಾಲು ಊರಲು ನೆಲವೂ ಸಿಗದು. ಕಣ್ಣಲ್ಲಿ ನೀರು, ಕಿವಿಯಲ್ಲಿ ಗಾಳಿ, ಹಲ್ಲುಗಳು ಕಟಕಟ. ಕೊನೆಯ ತಿರುವಿನಲ್ಲಿ ಎಡಕ್ಕೆ ಕಣಿವೆ, ಬಲಕ್ಕೆ ಸೇಸಕ್ಕನ ಗೊಬ್ಬರದ ಗುಂಡಿ. ತಿರುಗಿಸುವುದು ಆಗದ ಮಾತು. ಹ್ಯಾಂಡಲನ್ನು ಬಲಕ್ಕೆ ಎಳೆದು ಕಣ್ಣು ಮುಚ್ಚಿದೆ.

ನಾನು ಬಿದ್ದದ್ದು ನಾನೇ ತಂದುಹಾಕಿದ ಸೊಪ್ಪಿನ ಮೇಲೆ. ತಿಂಗಳುಗಟ್ಟಲೆ ಕೊಳೆತದ್ದು, ಅರೆ ಕೊಳೆತದ್ದು, ಮೇಲೆ ಎಮ್ಮೆಯ ಸೆಗಣಿ. ಎದ್ದು ನಿಲ್ಲಲು ನೋಡಿದರೆ ಎಡಗೈ ಮೇಲೇಳಲಿಲ್ಲ. ಹೆಗಲಿನ ಎಲುಬು ಮುರಿದಿತ್ತು, ಮೊಣಕಾಲು ಸುಲಿದಿತ್ತು. ಸೈಕಲ್ ತೆಂಗಿನ ಮರಕ್ಕೆ ಬಡಿದು ಮುಂದಿನ ಚಕ್ರ ಹಪ್ಪಳವಾಗಿತ್ತು. ಊರಿಗೆ ಊರೇ ಓಡಿ ಬಂತು. ಮಕ್ಕಳೂ ಬಂದವು. ದಾಕಿನವನನ್ನು ಕಂಡು ಓಡಬೇಕೆಂದು ಅವುಗಳಿಗೆ ಹೇಳಿಕೊಟ್ಟಿದ್ದರೇ ಹೊರತು ಗೊಬ್ಬರದ ಗುಂಡಿಯಲ್ಲಿ ಕೂತ ದಾಕಿನವನನ್ನು ಕಂಡರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಸುತ್ತ ನಿಂತು ನಕ್ಕವು.

ಸೇಸಕ್ಕ ನಗಲಿಲ್ಲ. "ಗೆಲ್ಲು ಎಲ್ಲಿ?" ಎಂದಳು. ಮೊದಲು ಕೇಳಿದ್ದು ಅದನ್ನೇ.

"ಕಟ್ಟಲಿಲ್ಲ."

"ಎಂತಕ್ಕೆ ಕಟ್ಟಲಿಲ್ಲ? ತಲೆ ಸರಿ ಉಂಟಾ ನಿಮಗೆ?"

"ಕಟ್ಟಿದ್ರೆ ನೀವು ಮಕ್ಕಳನ್ನು ಅಡಗಿಸ್ತೀರಿ. ಹೊಳೆಯ ಆಚೆ ಮಾರಿ ಬಂದು ಕೂತಿದೆ ಸೇಸಕ್ಕ. ನಾಳೆ ಈಚೆ ಬರ್ತದೆ. ನಾನು ಮತ್ತೆಂತ ಮಾಡ್ಲಿ?"

ಅವಳು ನನ್ನನ್ನು ಎಬ್ಬಿಸಿ ಜಗಲಿಯಲ್ಲಿ ಕೂರಿಸಿ, ಬಿಸಿನೀರಿನಲ್ಲಿ ಗಾಯ ತೊಳೆದು, ತೆಂಗಿನೆಣ್ಣೆಯಲ್ಲಿ ಅರಸಿನ ಕಲಸಿ ಹಚ್ಚಿದಳು. ಕೈ ಒರಟು, ಹಚ್ಚಿದ್ದು ಮೆತ್ತಗೆ. ಆಮೇಲೆ ಒಳಗೆ ಹೋಗಿ ಲೀಲಳನ್ನು ಎಳೆದುಕೊಂಡು ಬಂದಳು. ಹುಡುಗಿ ಕಿರುಚುತ್ತಿತ್ತು.

"ಹಾಕಿ ಇದಕ್ಕೆ," ಎಂದಳು. "ನಮ್ಮ ಮಕ್ಕಳಿಗಾಗಿ ಕುತ್ತಿಗೆ ಮುರ್ಕೊಳ್ಳುವ ಮನುಷ್ಯ ವಿಷ ಹಾಕ್ಲಿಕ್ಕಿಲ್ಲ."

ಮತ್ತೆ ಅಂಗಳದ ತುದಿಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದಳು. ಅಷ್ಟು ವರ್ಷ ಮಕ್ಕಳನ್ನು ಓಡಿಸಲು ಹಾಕಿದ ಕೂ ಕೂಡ ಅವಳದ್ದೇ ಇದ್ದಿರಬೇಕು. ಆ ದಿನ ಅದಕ್ಕೆ ತಾಯಂದಿರು ಬಂದರು.

ಬಾಳೆದಿಂಡು ಸೊಪ್ಪಿನಾಚೆ ಕಲ್ಲಿನ ಮೇಲೆ ಬಿದ್ದಿತ್ತು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಕೊಳವೆಗಳು ಒಡೆದಿದ್ದವು. ಉಳಿದದ್ದರಲ್ಲಿ ಮಕ್ಕಳಿಗೆ ಮೊದಲು ಎಂದು ಹೇಳಿದೆ. ಒಂದೇ ಕೈಯಲ್ಲಿ ದಾಕು ಹಾಕುವುದು ಕಷ್ಟ. ಸೇಸಕ್ಕ ಮಕ್ಕಳ ತೋಳು ಹಿಡಿದಳು, ನಾನು ಸೂಜಿ ಒತ್ತಿ ತಿರುಗಿಸಿದೆ. ಮಕ್ಕಳೆಲ್ಲ ಮುಗಿದು, ಎಳೆಯ ತಾಯಂದಿರೂ ಮುಗಿದು, ಕೊನೆಯ ಕೊಳವೆಯಲ್ಲಿ ಒಬ್ಬರಿಗಾಗುವಷ್ಟು ಉಳಿಯಿತು.

"ತೋಳು ಕೊಡಿ ಸೇಸಕ್ಕ," ಎಂದೆ.

ಅವಳು ಕುಪ್ಪಸದ ತೋಳು ಮೇಲೆ ಸರಿಸಿದಳು. ಅಷ್ಟರಲ್ಲಿ ಗದ್ದೆಯ ಆಚೆಯ ಮನೆಯ ಬಾಣಂತಿ ಸೊಸೆ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಳುಕುತ್ತಾ ಬಂದು ನಿಂತಳು. ಸೇಸಕ್ಕ ನೋಡಿದಳು, ತೋಳು ಕೆಳಗೆ ಎಳೆದುಕೊಂಡಳು.

"ಅದಕ್ಕೆ ಹಾಕಿ. ನನಗೆ ಮುಂದಿನ ಸಲ ಹಾಕಿದ್ರಾಯ್ತು. ಗೆಲ್ಲು ಕಟ್ಟಿಕೊಂಡು ಬನ್ನಿ, ನಾನು ಎಲ್ಲಿಗೂ ಓಡುವುದಿಲ್ಲ."

ನನ್ನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕಳಿಸಿದರು. ನಾನು ಆದಷ್ಟು ಬೇಗ ಬರುತ್ತೇನೆಂದು ಹೇಳಿದ್ದೆ. ಎಲುಬು ಕೂಡಬೇಕಿತ್ತು. ಸೈಕಲ್ಲಿಗೆ ಚಕ್ರ ಸಿಗಬೇಕಿತ್ತು. ಲಿಂಫ್ ಮದ್ರಾಸಿನಿಂದ ಬರಬೇಕು, ರೈಲುಗಳಲ್ಲಿ ಸೈನಿಕರ ಸಾಮಾನಿಗೆ ಮೊದಲ ಜಾಗ. ನನ್ನ ಬದಲಿಗೆ ಕಳಿಸಲು ಇನ್‌ಸ್ಪೆಕ್ಟರಿಗೆ ಬೇರೆ ಜನವಿರಲಿಲ್ಲ. ಅವರೇ ಒಂದು ದಿನ ಹೊರಟರು, ಬರಿಗೈಯಲ್ಲಿ ಹೋಗಿ ಮಾಡುವುದೇನು ಎಂದು ಕೆಂಪುಗುಡ್ಡೆಯ ನೆತ್ತಿಯಿಂದ ಹಿಂದೆ ಬಂದರು. ನನ್ನ ಮನೆಗೆ ಬಂದು, "ಆ ಗುಡ್ಡೆ ನಾನು ನೋಡಿದೆ," ಎಂದಷ್ಟೇ ಹೇಳಿದರು. ಗೆಲ್ಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕೊನೆಗೆ ನಾನು ಹೋದಾಗ ಮರುವದ ಗೆಲ್ಲನ್ನೇ ಹುಡುಕಿ ಕಡಿದು ಕಟ್ಟಿದ್ದೆ. ಇಳಿಯುತ್ತಿದ್ದಂತೆ ಕೆಳಗೆ ಮಕ್ಕಳು ಅಂಗಳಕ್ಕೆ ಓಡಿ ಬರುವುದು ಕಂಡಿತು. ಓಡಿಹೋಗುವುದಲ್ಲ, ಓಡಿ ಬರುವುದು. ಆದರೆ ಗೆಲ್ಲಿಗೆ ಕೈ ಚಾಚಲು ಬುಡದಲ್ಲಿ ಯಾರೂ ಇರಲಿಲ್ಲ. ಸೇಸಕ್ಕನ ಬಾಗಿಲಿಗೆ ಕಹಿಬೇವಿನ ಸೊಪ್ಪು ಸಿಕ್ಕಿಸಿದ್ದರು. ಹೊಸ್ತಿಲಿನಲ್ಲಿ ಲೀಲ ಕೂತಿತ್ತು. ಅದರ ತೋಳಿನಲ್ಲಿ ದಾಕು ಚೆನ್ನಾಗಿ ಎದ್ದು ಒಣಗಿತ್ತು.

ನಡುಬೈಲಿನ ಒಂದು ಮಗುವಿಗೂ ಸಿಡುಬು ಬರಲಿಲ್ಲ. ಆ ಬಾಣಂತಿಯ ಕೂಸಿಗೂ ಬರಲಿಲ್ಲ. ಬಂದದ್ದು ಸೇಸಕ್ಕನಿಗೆ. ಜೀವ ಉಳಿಯಿತು, ಎರಡೂ ಕಣ್ಣು ಹೋದವು. ನನಗೆ ತುಂಬ ದುಃಖವಾಯಿತು. ಅದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಕಲ್ಲಿನ ಮೇಲೆ ಒಡೆದ ಕೊಳವೆಗಳಲ್ಲಿ ಒಂದು ಅವಳದ್ದಾಗಿತ್ತು, ಅಷ್ಟೇ.

ಆಮೇಲೆ ಎಷ್ಟೋ ವರ್ಷ ನಾನು ಆ ಗುಡ್ಡೆ ಇಳಿದೆ. ಲೀಲ ಅಜ್ಜಿಯನ್ನು ಕೈಹಿಡಿದು ತಂದು ರಸ್ತೆಯ ಬದಿಯ ಕಟ್ಟೆಯಲ್ಲಿ ಕೂರಿಸುತ್ತಿತ್ತು. ಗೆಲ್ಲಿನ ಸದ್ದು ಮೊದಲ ತಿರುವಿನಲ್ಲಿ ಇರುವಾಗಲೇ ಸೇಸಕ್ಕ ಎದ್ದು ಕೂ ಹಾಕುತ್ತಿದ್ದಳು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಇತರ ಊರುಗಳಲ್ಲಿ ಮನೆ ಮನೆ ಅಲೆಯಬೇಕಿತ್ತು, ನಡುಬೈಲಿನಲ್ಲಿ ನಾನು ಸೈಕಲ್ ಒರಗಿಸುವಷ್ಟರಲ್ಲಿ ಸಾಲು ನಿಂತಿರುತ್ತಿತ್ತು. ಸೇಸಕ್ಕ ಎಲೆಯನ್ನು ಬೆರಳಿನಲ್ಲಿ ಉಜ್ಜಿ ಮರ ಯಾವುದೆಂದು ಹೇಳುತ್ತಿದ್ದಳು. ಕಣ್ಣು ಹೋದರೂ ಗೇರಿನ ಮೇಲಿನ ಸಿಟ್ಟು ಹೋಗಿರಲಿಲ್ಲ. ಒಮ್ಮೆ ನಾನು ಧೈರ್ಯ ಮಾಡಿ, ಆ ದಿನ ತೋಳು ಎಳೆದುಕೊಳ್ಳಬಾರದಿತ್ತು ಎಂದೆ.

"ಆ ಕೂಸು ಈಗ ಶಾಲೆಗೆ ಹೋಗ್ತದೆ," ಎಂದಳು. "ಗೆಲ್ಲು ಆಚೆ ಹಾಕಿ, ಕಾಲಿಗೆ ಸಿಕ್ತದೆ."

ಕಾಲ ಬದಲಾಯಿತು. ಸ್ವಾತಂತ್ರ್ಯ ಬಂತು. ಆಮೇಲೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು, ಸುತ್ತೋಲೆಗಳು ಮಲಯಾಳದಲ್ಲಿ ಬರತೊಡಗಿದವು, ಓದಿಸಲು ನಾನು ಪೋಸ್ಟಾಫೀಸಿಗೆ ಹೋಗಬೇಕಾಯಿತು. ಕೆಂಪುಗುಡ್ಡೆಯ ರಸ್ತೆಯನ್ನು ಕಡಿದು ಇಳಿಜಾರು ಕಮ್ಮಿ ಮಾಡಿದರು. ನನಗೂ ಹೊಸ ಸೈಕಲ್ ಬಂತು, ಕಾಲು ನೆಲ ಮುಟ್ಟುವಂಥದ್ದು, ಒಳ್ಳೆಯ ರಬ್ಬರಿನ ಬ್ರೇಕು. ಗೆಲ್ಲು ಕಟ್ಟುವ ಅಗತ್ಯ ಇರಲಿಲ್ಲ. ನಾನು ಕಟ್ಟುತ್ತಿದ್ದೆ. ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು ಜೀಪು ನಿಲ್ಲಿಸಿ ಕೇಳಿದರು:

"ಎಂತ ಇದು ಸರ್ಕಸ್ಸು? ನಿಮ್ಮ ಬ್ರೇಕ್ ಸರಿ ಇಲ್ವಾ?"

"ಬ್ರೇಕ್ ಸರಿ ಉಂಟು ಸಾರ್. ಇದು ಹಾರ್ನು," ಎಂದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೋದರು. ನನ್ನ ಬಗ್ಗೆ ಕಚೇರಿಯಲ್ಲಿ ಏನು ಹೇಳಿದರೋ ನಾನು ವಿಚಾರಿಸಲಿಲ್ಲ.

ನನಗೆ ದೇಲಂಪಾಡಿಯ ಕಡೆಗೆ ವರ್ಗವಾದಾಗ ನನ್ನ ಜಾಗಕ್ಕೆ ಬಂದವ ಒಳ್ಳೆಯ ಹುಡುಗ. ತರಬೇತಿ ಚೆನ್ನಾಗಿ ಆಗಿತ್ತು, ಮಾತು ಮೃದು. ಊರುಗಳನ್ನು ತೋರಿಸಲು ಅವನನ್ನು ಕರೆದುಕೊಂಡು ಹೊರಟೆ. ಕೆಂಪುಗುಡ್ಡೆಯ ನೆತ್ತಿಯಲ್ಲಿ ನಾನು ಕತ್ತಿ ಬಿಚ್ಚಿ ಗೆಲ್ಲು ಕಡಿಯುವುದನ್ನು ನೋಡಿ ಅವನಿಗೆ ನಗು ಬಂತು. ಹಿರಿಯರೆಂದು ತಡೆದುಕೊಂಡ.

"ಈಗ ಅದರ ಅಗತ್ಯ ಉಂಟಾ? ನಾನು ಮುಂದೆ ಹೋಗ್ತೇನೆ, ನೀವು ನಿಧಾನ ಬನ್ನಿ," ಎಂದು ಹೇಳಿ ಹೊರಟ. ಒಳ್ಳೆಯ ಸೈಕಲ್, ಎಣ್ಣೆ ಹಾಕಿದ್ದು. ಕಿರಕ್ ಎನ್ನದೆ ಇಳಿದ. ತಿರುವುಗಳನ್ನು ಚಂದ ತಿರುಗಿಸಿದ ಎಂದು ಒಪ್ಪಬೇಕು. ಕಟ್ಟೆಯಲ್ಲಿ ಕೂತಿದ್ದ ಸೇಸಕ್ಕನ ಮುಂದೆಯೇ ಹಾದುಹೋಗಿ ಆಚೆ ತೆಂಗಿನ ಮರದ ನೆರಳಿನಲ್ಲಿ ನಿಂತ. ಅವಳು ತಲೆ ಎತ್ತಲಿಲ್ಲ. ಅಂಗಳದಲ್ಲಿ ಯಾರೂ ಅಲ್ಲಾಡಲಿಲ್ಲ.

ನಾನು ಬರಬರ ಎಂದು ಇಳಿದೆ. ಮೊದಲ ತಿರುವಿಗೇ ಅವಳು ಎದ್ದಳು, ಕೂ ಹಾಕಿದಳು. ಮನೆಗಳಿಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದರು. ನಾನು ಗೆಲ್ಲು ಬಿಚ್ಚಿ ಅವಳ ಕೈಗೆ ಕೊಟ್ಟೆ.

"ಇನ್ನು ಮುಂದೆ ಹೊಸಬರು ಬರ್ತಾರೆ ಸೇಸಕ್ಕ. ಆಗಲೇ ಬಂದ್ರಲ್ಲ, ನನಗಿಂತ ಮುಂದೆ."

"ಯಾರೂ ಬರ್ಲಿಲ್ಲ," ಎಂದಳು.

ಹುಡುಗ ನಾಲ್ಕು ಹೆಜ್ಜೆ ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದ. ಅವನ ಮುಖ ಕೆಂಪಾಯಿತು. ಸೇಸಕ್ಕ ಎಲೆಯನ್ನು ಉಜ್ಜಿ ಮೂಸಿದಳು.

"ಗೇರು," ಎಂದಳು. "ಹೋಗುವ ದಿನವಾದ್ರೂ ಮರುವ ತರಬಹುದಿತ್ತು."

ಸಾಲು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಹಿಂದೆ ಹೋಗುವಾಗ ಇಬ್ಬರೂ ಸೈಕಲ್ ದೂಡಿಕೊಂಡು ಗುಡ್ಡೆ ಹತ್ತಿದೆವು. ಹುಡುಗ ನೆತ್ತಿಗೆ ಬಂದಾಗ ನಿಂತು, ಮರುವದ ಮರ ಇದರಲ್ಲಿ ಯಾವುದು ಎಂದು ಕೇಳಿದ. ತೋರಿಸಿದೆ. ಆಮೇಲೆ ನನ್ನ ಕತ್ತಿಯನ್ನು ಕೇಳಿ ತೆಗೆದುಕೊಂಡು ತನ್ನ ಸೈಕಲ್ಲಿಗೆ ಕಟ್ಟಿದ.